ನೆಲಕ್ಕೆ ತಾಗುವ ಕಾರಿನಲ್ಲಿ ಘಟ್ಟ ಇಳಿಯುವ ವಿಧಾನ

ಮಾಲೀಕರ ಕೈಪಿಡಿ, ಕರ್ನಾಟಕ ಆವೃತ್ತಿ
(ಬಳಸುವ ಮುನ್ನ ಪೂರ್ತಿ ಓದಿ. ಓದುವಾಗ ಎಂಜಿನ್ ಆಫ್ ಮಾಡಿ; ಪೆಟ್ರೋಲು ನಿಮ್ಮದೇ.)

ಅಭಿನಂದನೆಗಳು! ತಾವು ಸ್ಪೋರ್ಟ್ಸ್ ಕಾರೊಂದರ ಮಾಲೀಕರಾಗಿದ್ದೀರಿ. ಶೋರೂಮಿನ ಮುಂದೆ ಪೂಜೆ ಮುಗಿದಿದೆ, ದೃಷ್ಟಿ ತೆಗೆದಾಗಿದೆ. ಆಗ ಒಡೆದ ಬೂದುಗುಂಬಳದ ಹೋಳೊಂದು ಮುಂದಿನ ಬಂಪರಿನ ಅಡಿ ಸಿಕ್ಕಿಕೊಂಡು ಮನೆಯವರೆಗೂ ಉಜ್ಜಿಕೊಂಡು ಬಂದಿದ್ದರೆ ತಾವು ಕೊಂಡದ್ದು ಅಸಲಿ ಸ್ಪೋರ್ಟ್ಸ್ ಕಾರೇ ಎಂಬುದರಲ್ಲಿ ಸಂಶಯ ಬೇಡ.

ಕಾರಿನ ಜೊತೆ ಕೊಟ್ಟ ದಪ್ಪ ಪುಸ್ತಕವನ್ನು ಜರ್ಮನಿಯಲ್ಲೋ ಇಟಲಿಯಲ್ಲೋ ಕೂತು ಬರೆದಿದ್ದಾರೆ. ಹಿಮ ಬಿದ್ದರೆ ಏನು ಮಾಡಬೇಕು ಎಂದು ಅದರಲ್ಲಿದೆ. ಚಾರ್ಮಾಡಿಯಲ್ಲಿ ಧರೆ ಜರಿದರೆ, ಆಗುಂಬೆಯಲ್ಲಿ ಮಂಗ ಬಾನೆಟ್ ಮೇಲೆ ಕೂತರೆ, ಕಾಲಿಗೆ ಹತ್ತಿದ ಉಂಬಳ ತೊಗಲಿನ ಸೀಟಿಗೆ ಇಳಿದರೆ ಏನು ಮಾಡಬೇಕು ಎಂಬುದಕ್ಕೆ ಅದರಲ್ಲಿ ಪರಿಹಾರವಿಲ್ಲ. ಆ ಕೊರತೆ ತುಂಬುವುದಕ್ಕೆ ಈ ಕೈಪಿಡಿ. ಸಹ್ಯಾದ್ರಿಯ ಡೊಂಕು ರಸ್ತೆಗಳಲ್ಲಿ ಈ ಯಂತ್ರವನ್ನು ಆನಂದಿಸುವ ಬಗೆ ಇದರಲ್ಲಿದೆ. ಆನಂದ ಗಂಟೆಗೆ ಎಷ್ಟು ಕಿಲೋಮೀಟರಿನದು ಎಂಬುದು ಮಾತ್ರ ನೀವು ಅಂದುಕೊಂಡದ್ದಕ್ಕಿಂತ ಸ್ವಲ್ಪ ಕಡಿಮೆ.

1. ಉತ್ಪನ್ನಕ್ಕೂ ಭೂಮಿಗೂ ಇರುವ ಅಂತರ

ಸಾಮಾನ್ಯ ಸ್ಪೋರ್ಟ್ಸ್ ಕಾರಿನ ಹೊಟ್ಟೆಗೂ ರಸ್ತೆಗೂ ನಡುವೆ ನೂರಹತ್ತು, ನೂರಿಪ್ಪತ್ತು ಮಿಲಿಮೀಟರ್ ಆಸುಪಾಸಿನ ಜಾಗವಿರುತ್ತದೆ. ವೇಗ ತಡೆಯುವ ಹಂಪು ಹೇಗಿರಬೇಕು ಎನ್ನುವುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲಿಖಿತ ನಿಯಮವಿದೆ: ದುಂಡನೆಯ ಬೆನ್ನು, 3.7 ಮೀಟರ್ ಹರವು, 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟುವಂತಿರಬೇಕು. ಲೆಕ್ಕ ಹಾಕಿ ನೋಡಿ, ಒಂದೋ ಎರಡೋ ಸೆಂಟಿಮೀಟರ್ ಉಳಿಯಿತು. ಆ ಒಂದೆರಡು ಸೆಂಟಿಮೀಟರಿನ ಭರವಸೆಯ ಮೇಲೆ ತಾವು ಬೆಂಗಳೂರು ಬಿಡುತ್ತೀರಿ.

ಆದರೆ ಊರಿನ ಹಂಪು ನಿಯಮ ಓದಿ ಹುಟ್ಟಿದ್ದಲ್ಲ. ಶಾಲೆ ಬಿಡುವ ಹೊತ್ತಿಗೆ ಯಾವುದೋ ಬೈಕು ಯಾವುದೋ ಮಗುವಿಗೆ ತಾಗಿರುತ್ತದೆ. ಸಂಜೆ ನಾಲ್ಕು ಜನ ರಸ್ತೆಗೆ ಅಡ್ಡ ಕೂರುತ್ತಾರೆ. ಮರುದಿನ ಪಂಚಾಯ್ತಿಯವರು ಎಲ್ಲಿಂದಲೋ ಜಲ್ಲಿ, ಡಾಂಬರು ತರಿಸಿ ರಸ್ತೆಗೆ ಅಡ್ಡಲಾಗಿ ಒಂದು ಒಡ್ಡು ಕಟ್ಟುತ್ತಾರೆ. ಅಳತೆ ನೋಡಲು ಅಲ್ಲಿ ಯಾರಿಗೂ ಪುರಸೊತ್ತಿಲ್ಲ. ಸುಣ್ಣದ ಗೆರೆ ಎಳೆದರೆ ಪುಣ್ಯ, ಮೊದಲ ಮಳೆಗೆ ಅದೂ ಹೋಗುತ್ತದೆ. ಇದನ್ನು ಬೈಯುವ ಹಕ್ಕು ನಮಗಿಲ್ಲ. ಆ ಹಂಪು ಅಲ್ಲಿರುವುದು ನಮ್ಮಂಥವರು ಬರುತ್ತೇವೆ ಎಂದೇ.

ದಾಟುವ ವಿಧಾನ: ಡ್ಯಾಶ್‌ಬೋರ್ಡಿನಲ್ಲಿ ಮೂತಿ ಎತ್ತುವ ಗುಂಡಿ ಇದ್ದರೆ ಒತ್ತಿ. ಮುಂಭಾಗ ನಿಧಾನಕ್ಕೆ ಮೂರು ನಾಲ್ಕು ಸೆಂಟಿಮೀಟರ್ ಮೇಲೇಳುತ್ತದೆ. ಅಷ್ಟರಲ್ಲಿ ಹಿಂದಿನ ಟೆಂಪೋದವನು ಎರಡು ಸಲ ಹಾರ್ನ್ ಹೊಡೆದಿರುತ್ತಾನೆ. ಗುಂಡಿ ಇಲ್ಲದಿದ್ದರೆ ಕಾರನ್ನು ಓರೆಯಾಗಿ ತನ್ನಿ. ಒಂದೊಂದೇ ಚಕ್ರ ಹತ್ತಲಿ, ಒಂದೊಂದೇ ಇಳಿಯಲಿ. ನೀವು ಪಕ್ಕದ ಓಣಿಗೆ ತಿರುಗುತ್ತಿದ್ದೀರಿ ಎಂದುಕೊಂಡು ಎದುರಿನವರು ನುಗ್ಗುವುದು ಸಹಜ, ಕೋಪ ಮಾಡಿಕೊಳ್ಳಬೇಡಿ. ಹೊಟ್ಟೆ ಉಜ್ಜಿದ ಸದ್ದು ಕೇಳಿಸಿದರೆ ಸುತ್ತ ನಿಂತವರಲ್ಲಿ ಒಬ್ಬರಾದರೂ "ಅಯ್ಯೋ!" ಎನ್ನುತ್ತಾರೆ. ಆ ಮರುಕ ಪ್ರಾಮಾಣಿಕವಾದದ್ದು. ಕೈ ಎತ್ತಿ ವಂದಿಸಿ ಮುಂದೆ ಹೋಗಿ.

2. ಅಭ್ಯಾಸ ಪಂದ್ಯ: ನಂದಿ

ಬೆಂಗಳೂರಿನ ಸ್ಪೋರ್ಟ್ಸ್ ಕಾರುಗಳೆಲ್ಲ ಭಾನುವಾರ ನಸುಕಿಗೆ ವಿಮಾನ ನಿಲ್ದಾಣದ ರಸ್ತೆ ಹಿಡಿದು ನಂದಿ ಬೆಟ್ಟಕ್ಕೆ ಹೋಗುತ್ತವೆ. ಬೆಟ್ಟದ ಎತ್ತರ 1,478 ಮೀಟರ್. ಅದರಲ್ಲಿ ನಿಮ್ಮ ಪಾಲಿಗೆ ಸಿಗುವುದು ಟಿಕೆಟ್ ಕೌಂಟರಿನ ಸಾಲು. ಸೂರ್ಯೋದಯ ನೋಡಲು ಬಂದ ಸಾವಿರ ಬೈಕುಗಳ ನಡುವೆ ಮೊದಲ ಗೇರಿನಲ್ಲಿ ಕ್ಲಚ್ ಸುಡುತ್ತಾ ಹತ್ತುವುದಕ್ಕೆ ತಿರುವಿನ ರಸ್ತೆಯೇ ಏಕೆ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕೇ ಸಾಕಿತ್ತು. ಟೈರಿನ ಗಾಳಿ, ಬ್ರೇಕು, ತಾಳ್ಮೆ ಇವುಗಳನ್ನು ಪರೀಕ್ಷಿಸಿಕೊಳ್ಳಲು ಮಾತ್ರ ನಂದಿ ಒಳ್ಳೆಯದು.

3. ತಿರುವು ಬಂದದ್ದು ಎಲ್ಲಿಂದ

ಈ ಅಧ್ಯಾಯವನ್ನು ಬಿಟ್ಟು ಮುಂದೆ ಹೋಗುವವರಿಗೆ ವಾರಂಟಿ ಅನ್ವಯಿಸುವುದಿಲ್ಲ.

ಘಟ್ಟದ ರಸ್ತೆಯನ್ನು ಯಾರೂ ಮೋಜಿಗೆ ಡೊಂಕು ಮಾಡಲಿಲ್ಲ. ಧಾರವಾಡ ಸೀಮೆಯ ಹತ್ತಿ ಕುಮಟೆಯ ಬಂದರಿಗೆ ಇಳಿಯಬೇಕಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಆ ಹತ್ತಿಗೆ ಕುಮಟೆಯ ಹೆಸರೇ ಬಿದ್ದು ಪರದೇಶದ ಪೇಟೆಯಲ್ಲೂ ಹಾಗೆಯೇ ಕರೆಯುತ್ತಿದ್ದರು. ಮೇಲಿಂದ ಭತ್ತ, ಅಡಿಕೆ, ಕಾಳುಮೆಣಸು ಇಳಿಯಬೇಕು. ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನಕಾಯಿ ಹತ್ತಬೇಕು. ಹೊರುವುದು ಎತ್ತು. ಬೆಟ್ಟವನ್ನು ನೇರ ಹತ್ತುವುದಕ್ಕೆ ಎತ್ತಿನ ಉಸಿರು ಸಾಲದು. ಹಾಗಾಗಿ ಏರು ಇಷ್ಟೇ ಇರಬೇಕು ಎಂದಾಯಿತು. ಸುಮಾರಾಗಿ ಇಪ್ಪತ್ತು ಅಡಿ ನಡೆದರೆ ಒಂದು ಅಡಿ ಮೇಲೇರುವ ಲೆಕ್ಕ ಇವತ್ತಿಗೂ ರಸ್ತೆ ಎಂಜಿನಿಯರುಗಳ ಪುಸ್ತಕದಲ್ಲಿದೆ. ಅಷ್ಟು ಸಣ್ಣ ಏರಿನಲ್ಲಿ ಆರುನೂರು ಮೀಟರ್ ಹತ್ತಬೇಕಾದರೆ ಬೆಟ್ಟದ ಮೈಮೇಲೆ ಅತ್ತಿಂದಿತ್ತ ಹೋಗಿ ಹೋಗಿ ತಿರುಗಲೇಬೇಕು. ಆ ತಿರುಗುವ ಜಾಗವೇ ನಿಮ್ಮ ಹೇರ್‌ಪಿನ್ ಬೆಂಡ್. ಅಲ್ಲಿ ಏರು ಇನ್ನೂ ಕಡಿಮೆ, ನಲವತ್ತಕ್ಕೆ ಒಂದು. ತಿರುಗುವಾಗ ಎತ್ತು ದಮ್ಮು ತೆಗೆದುಕೊಳ್ಳಲಿ ಎಂದು ಮಾಡಿದ ಸಮತಟ್ಟಿನ ಮೇಲೆ ನೀವೀಗ ಲಾಂಚ್ ಕಂಟ್ರೋಲ್ ಒತ್ತುತ್ತಿದ್ದೀರಿ.

4. ಆಗುಂಬೆ: ಹದಿನಾಲ್ಕು ಪಾಠಗಳು

ತೀರ್ಥಹಳ್ಳಿ ಕಡೆಯಿಂದ ಹೋದರೆ ಆಗುಂಬೆ ಮೇಲೆ, ಸೋಮೇಶ್ವರ ಕೆಳಗೆ, ನಡುವೆ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ರಾಷ್ಟ್ರೀಯ ಹೆದ್ದಾರಿ 169ಎ ಎಂಬ ಘನವಾದ ಹೆಸರು ಅದಕ್ಕಿದೆ. ಅಗಲ ನೋಡಿದವರಿಗೆ ನಂಬಿಕೆ ಬರುವುದಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರು. ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ್ದು ಇಲ್ಲೇ. ಆದ್ದರಿಂದ ನೀವು ಅದರಲ್ಲಿ ಕಾಣುವ ದೊಡ್ಡಮನೆಯ ಮುಂದೆ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತೀರಿ, ತೆಗೆಸಿಕೊಳ್ಳಿ. ಆಮೇಲೆ ಬನ್ನಿ.

ಈಗಿನ ನಿಯಮದ ಪ್ರಕಾರ ಹೇರ್‌ಪಿನ್ ತಿರುವಿನ ಒಳಗಿನ ತ್ರಿಜ್ಯ ಕನಿಷ್ಠ 14 ಮೀಟರ್ ಇರಬೇಕು, ವಿನ್ಯಾಸದ ವೇಗ ಗಂಟೆಗೆ 20 ಕಿಲೋಮೀಟರ್. ಆಗುಂಬೆಯ ದಾರಿ ಈ ನಿಯಮಕ್ಕಿಂತ ಹಿರಿಯದು, ಆದರೂ 14 ಮೀಟರ್ ಎಂದೇ ಹಿಡಿಯೋಣ. ಒಣ ರಸ್ತೆಯಲ್ಲಿ ಒಳ್ಳೆಯ ಟೈರು ಕಾರಿನ ತೂಕದಷ್ಟೇ ಬಲದಿಂದ ನೆಲ ಹಿಡಿಯುತ್ತದೆ ಎಂದುಕೊಂಡರೆ ಆ ತಿರುವಿನಲ್ಲಿ ಜಾರದೆ ಹೋಗಬಹುದಾದ ಗರಿಷ್ಠ ವೇಗ ಗಂಟೆಗೆ ಸುಮಾರು 42 ಕಿಲೋಮೀಟರ್. ಮಳೆಯಲ್ಲಿ ಹಿಡಿತ ಅರ್ಧವಾದರೆ 30. ಇದು ಹೈಸ್ಕೂಲಿನ ಭೌತಶಾಸ್ತ್ರ. ಈ ಲೆಕ್ಕದಲ್ಲಿ ಕಾರಿನ ಬೆಲೆಯೂ ಬರುವುದಿಲ್ಲ, ಕುದುರೆ ಶಕ್ತಿಯೂ ಬರುವುದಿಲ್ಲ. ಮೂರು ಸೆಕೆಂಡಿನಲ್ಲಿ ನೂರು ಮುಟ್ಟುವ ಯಂತ್ರವೂ ಹೆಬ್ರಿಯಿಂದ ಮೀನು ಹೇರಿಕೊಂಡು ಬರುವ ಓಮ್ನಿಯೂ ಆಗುಂಬೆಯ ತಿರುವಿನಲ್ಲಿ ಹೆಚ್ಚು ಕಡಿಮೆ ಒಂದೇ ವೇಗದ ಗಾಡಿಗಳು. ಓಮ್ನಿಗೆ ತಿರುವು ಗೊತ್ತು ಎನ್ನುವುದಷ್ಟೇ ವ್ಯತ್ಯಾಸ.

ಘನ ವಾಹನಗಳಿಗೆ ಇಲ್ಲಿ ಪ್ರವೇಶವಿಲ್ಲ, ಓಡುವುದು ಮಿನಿ ಬಸ್ಸು. ಇದನ್ನು ಚಿಕ್ಕದೆಂದು ತಿಳಿಯಬಾರದು. ತಿರುವಿನಲ್ಲಿ ಅದಕ್ಕೆ ರಸ್ತೆಯ ಎರಡೂ ಬದಿ ಬೇಕು, ಬೇಕಾದ್ದನ್ನು ಅದು ಕೇಳದೆ ತೆಗೆದುಕೊಳ್ಳುತ್ತದೆ. ನೀವು ಏಳನೇ ತಿರುವಿನ ಬಾಯಲ್ಲಿದ್ದೀರಿ. ಕೆಳಗಿನಿಂದ ಬಸ್ಸು ಬಂತು. ಡ್ರೈವರು ಕಿಟಕಿಯಿಂದ ಬಗ್ಗಿ, ಬಹಳ ಬಗ್ಗಿ (ನೀವು ಅಷ್ಟು ಕೆಳಗಿದ್ದೀರಿ) ಹೇಳುತ್ತಾರೆ:

"ಸ್ವಲ್ಪ ಹಿಂದೆ ತಗೊಳ್ಳಿ ಸಾರ್, ನಂದು ಒಂದೇ ಸಲಕ್ಕೆ ತಿರುಗ್ಬೇಕು."

ತಗೊಳ್ಳಿ. ಏರಿ ಬರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು ಎನ್ನುವುದು ಕಾನೂನು, ಮೋಟಾರು ವಾಹನ ಚಾಲನಾ ನಿಯಮಾವಳಿಯಲ್ಲೇ ಇದೆ. ಹಿಂದಕ್ಕೆ ಹೋಗುವಾಗ ಹಿಂದಿನ ಗಾಜಿನಲ್ಲಿ ಕಾಣುವುದು ಸ್ಪಾಯ್ಲರ್ ಮಾತ್ರ ಎಂಬುದು ಆಗ ತಿಳಿಯುತ್ತದೆ. ಬಸ್ಸಿನಿಂದ ಕಂಡಕ್ಟರು ಇಳಿದು "ಬರ್ಲಿ, ಬರ್ಲಿ, ಬರ್ಲಿ... ಸಾಕು" ಎಂದು ಬಾನೆಟ್ ತಟ್ಟುತ್ತಾರೆ. ಪಾರ್ಕಿಂಗ್ ಸೆನ್ಸರಿಗಿಂತ ಇವರ ಅಂದಾಜು ನಿಖರ. ಬಸ್ಸು ಒಂದೇ ಹಿಡಿತಕ್ಕೆ, ಮೋರಿಯ ಕಟ್ಟೆಗೆ ಒಂದು ಗೇಣು ಬಿಟ್ಟು, ನಿಮ್ಮ ಕನ್ನಡಿಗೆ ಅರ್ಧ ಗೇಣು ಬಿಟ್ಟು ತಿರುಗಿ ಹೋಗುತ್ತದೆ. ಡ್ರೈವರಿನ ಒಂದು ಕೈ ಸ್ಟಿಯರಿಂಗಿನ ಮೇಲೆ, ಇನ್ನೊಂದು ಗೇರಿನ ಮೇಲೆ, ಮಾತು ಹಿಂದಿನ ಸೀಟಿನವರ ಜೊತೆ. ತಿರುವಿನ ರಸ್ತೆಯಲ್ಲಿ ಗಾಡಿ ಓಡಿಸುವುದು ಎಂದರೆ ಏನು ಎಂದು ಕಲಿಯಬೇಕೆಂದು ತಾವು ಹೊರಟಿದ್ದರೆ, ಕಲಿಸುವವರು ಈಗಷ್ಟೇ ದಾಟಿ ಹೋದರು.

ಸೂರ್ಯಾಸ್ತದ ಕಟ್ಟೆಯ ಬಳಿ ನಿಲ್ಲಿಸುವವರಿಗೆ ಎರಡು ಸೂಚನೆ. ಮಂಗಗಳಿಗೆ ಬಟ್ಟೆಯ ಛಾವಣಿ ಎಂದರೆ ಪ್ರೀತಿ. ಎರಡನೆಯದು, ಮೋಡವಿಲ್ಲದ ಸಂಜೆ ಅರಬ್ಬಿ ಸಮುದ್ರದಲ್ಲಿ ಸೂರ್ಯ ಮುಳುಗುವುದು ಇಲ್ಲಿಂದ ಕಾಣುತ್ತದೆ, ಆದರೆ ಕಾರಿನಿಂದ ಇಳಿದವರಿಗೆ ಮಾತ್ರ. ಸೀಟಿನಲ್ಲೇ ಕೂತಿದ್ದರೆ ನಿಮ್ಮ ಕಣ್ಣಿನ ಮಟ್ಟಕ್ಕೆ ಸಿಗುವುದು ಕಲ್ಲಿನ ತಡೆಗೋಡೆ, ಅದರ ಮೇಲೆ ಯಾರೋ ಬರೆದ ಪ್ರೇಮಿಗಳ ಹೆಸರು. ಕಣಿವೆಯ ಅಂಚಿನಲ್ಲೇ ಹೋಗುತ್ತಾ ಕಣಿವೆ ಕಾಣದಿರುವುದು ಸ್ಪೋರ್ಟ್ಸ್ ಕಾರಿನ ವಿಶೇಷ ಸೌಲಭ್ಯ.

5. ಛಾವಣಿ ತೆರೆಯುವ ಮುನ್ನ

ಅಪಾಯ! ಘಟ್ಟದಲ್ಲಿ ಛಾವಣಿ ತೆರೆದುಕೊಂಡು ಬಸ್ಸಿನ ಪಕ್ಕಕ್ಕೆ ಹೋಗಬಾರದು. ಬಸ್ಸಿನ ಪ್ರತಿ ಮೂರನೇ ಕಿಟಕಿಯಲ್ಲೂ ಒಂದು ತಲೆ ಹೊರಗಿರುತ್ತದೆ, ಗಾಳಿಗೆಂದು ಅಲ್ಲ. ನಿಂಬೆಹಣ್ಣು ಮೂಸಿದರೂ ಹುಳಿ ಪೆಪ್ಪರಮೆಂಟು ಚೀಪಿದರೂ ಐದನೇ ತಿರುವಿಗೆ ಎಲ್ಲ ಹೊರಗೆ. ತಮ್ಮದು ತೊಗಲಿನ ಸೀಟು. ಹೆಚ್ಚಿಗೆ ವಿವರಿಸುವ ಅಗತ್ಯವಿಲ್ಲ.

6. ಚಾರ್ಮಾಡಿ: ಮಂಜು, ದೋಸೆ, ಪ್ರಶ್ನೋತ್ತರ

ಘಟ್ಟ ಶುರುವಾಗುವ ಕೊಟ್ಟಿಗೆಹಾರದಲ್ಲಿ ಹತ್ತಿರದ ಮನುಷ್ಯನೂ ಕಾಣದಷ್ಟು ಮಂಜು ಕವಿದಿದ್ದರೆ ಒಳ್ಳೆಯ ಲಕ್ಷಣ. ಆಗ ವೇಗದ ಮಾತೇ ಬರುವುದಿಲ್ಲ, ಹೋಟೆಲಿಗೆ ನುಗ್ಗಿ ನೀರು ದೋಸೆ ಹೇಳಿ. ಆ ಊರು ನೀರು ದೋಸೆಗೇ ಹೆಸರಾದದ್ದು. ಮಂಜು ತಿಳಿಯಾಗುವವರೆಗೆ ತಿನ್ನುತ್ತಿರಬಹುದು. ಕೆಲವು ದಿನ ಮಧ್ಯಾಹ್ನದವರೆಗೂ.

ಈ ಅವಧಿಯಲ್ಲಿ ಹೊರಗೆ ನಿಮ್ಮ ಕಾರಿನ ಸುತ್ತ ಜನ ಸೇರುತ್ತಾರೆ. ಕೇಳುವ ಪ್ರಶ್ನೆಗಳು ನಿಗದಿಯಾಗಿವೆ, ಉತ್ತರ ಸಿದ್ಧವಿಟ್ಟುಕೊಳ್ಳಿ.

"ಎಷ್ಟು ಕೊಡ್ತದೆ ಇದು?" ಇದು ಮೈಲೇಜಿನ ಪ್ರಶ್ನೆ. ಲೀಟರಿಗೆ ಐದೋ ಆರೋ ಎಂಬ ಸತ್ಯ ಹೇಳಿದರೆ ಕೇಳಿದವರ ಮುಖದಲ್ಲಿ ನಿಮ್ಮ ಬಗ್ಗೆ ಅನುಕಂಪ ಮೂಡುತ್ತದೆ. ಅವರ ಬೈಕು ಅರವತ್ತು ಕೊಡುತ್ತದೆ. "ರಸ್ತೆ ಮೇಲೆ ಹೋಗ್ತದೆ" ಎಂದು ತೇಲಿಸಿಬಿಡಿ.

"ಎರಡೇ ಸೀಟಾ ಮಾರಾಯ್ರೆ? ಮಕ್ಕಳನ್ನು ಎಲ್ಲಿ ಕೂರಿಸೋದು?" ಇದಕ್ಕೆ ಕಾರು ಕಂಪನಿಯವರ ಹತ್ತಿರವೂ ಉತ್ತರವಿಲ್ಲ.

"ಬೆಲೆ ಎಷ್ಟಾಯ್ತು?" ಹೇಳಬೇಡಿ. ಹೇಳಿದರೆ ಅದನ್ನು ಅವರು ಕೂಡಲೇ ಕಾಫಿ ತೋಟದ ಎಕರೆಗೆ ಪರಿವರ್ತಿಸುತ್ತಾರೆ, ಆಮೇಲೆ ನಿಮಗೂ ಬೇಸರವಾಗುತ್ತದೆ.

ಕೊಟ್ಟಿಗೆಹಾರ ಬಿಟ್ಟ ಮೇಲೆ ಅಣ್ಣಪ್ಪ ಸ್ವಾಮಿಯ ಗುಡಿ ಸಿಗುತ್ತದೆ. ಲಾರಿಯವರು, ಬಸ್ಸಿನವರು ಇಲ್ಲಿ ವೇಗ ತಗ್ಗಿಸಿ ಕೈ ಮುಗಿದು ಮುಂದೆ ಹೋಗುತ್ತಾರೆ. ದೇವರಲ್ಲಿ ನಂಬಿಕೆ ಇಲ್ಲದವರೂ ವೇಗ ತಗ್ಗಿಸುವ ಭಾಗವನ್ನು ಪಾಲಿಸಬಹುದು.

ಇಲ್ಲಿಂದ ಕೆಳಗೆ ರಸ್ತೆ ಆಗುಂಬೆಗಿಂತ ಅಗಲ, ನೋಟವೂ ಅಗಲ. ಮಳೆಗಾಲ ಮುಗಿದ ಹೊಸದರಲ್ಲಿ ಬಂಡೆಬಂಡೆಯಿಂದಲೂ ನೀರು ಇಳಿಯುತ್ತಿರುತ್ತದೆ. ಕಾರಿಗೆ ಹಿಡಿಸುವ ಉದ್ದ ತಿರುವುಗಳೂ ಇವೆ, ಮೂರನೇ ಗೇರಿನಲ್ಲಿ ಎಂಜಿನ್ನು ಗುನುಗಿಕೊಂಡು ಇಳಿಯುವಂಥವು. ಇಲ್ಲಿ ಒಂದು ಗಂಭೀರ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. 2019ರ ಆಗಸ್ಟಿನಲ್ಲಿ ಈ ಘಟ್ಟ ಹಲವು ಕಡೆ ಕುಸಿದು ತಿಂಗಳುಗಟ್ಟಲೆ ಸಂಚಾರ ನಿಂತಿತ್ತು. ಅದರ ಹಿಂದಿನ ವರ್ಷ ಅದೇ ತಿಂಗಳಲ್ಲಿ ಕೊಡಗಿನ ಜೋಡುಪಾಲ, ಮದೆನಾಡು ಕಡೆ ಮಡಿಕೇರಿ–ಸಂಪಾಜೆ ರಸ್ತೆಗೆ ಇದೇ ಗತಿ ಬಂದಿತ್ತು. ಬೆಟ್ಟದ ಮಣ್ಣು ನೀರು ಕುಡಿದು ಭಾರವಾಗುತ್ತದೆ. ರಸ್ತೆ ಅಗಲ ಮಾಡಲೆಂದು ಬುಡವನ್ನು ಕಡಿದು ನೆಟ್ಟಗೆ ನಿಲ್ಲಿಸಿದ ಕಡೆ ಆ ಭಾರ ಹೊರಲು ಏನೂ ಉಳಿದಿರುವುದಿಲ್ಲ. 'ಘಟ್ಟದ ರಸ್ತೆಯನ್ನು ಇನ್ನಷ್ಟು ಅಗಲ ಮಾಡಬೇಕು, ತಿರುವು ನೇರ ಮಾಡಬೇಕು' ಎಂದು ದೋಸೆ ತಿನ್ನುತ್ತಾ ಹೇಳುವ ಕಾರಿನವರು ತಾವಾಗಿದ್ದರೆ ದಯವಿಟ್ಟು ತಟ್ಟೆ ಖಾಲಿ ಮಾಡಿ ಬೆಂಗಳೂರಿಗೆ ವಾಪಸಾಗಿ. ತಿರುವು ಬೇಡವೆನ್ನುವವರಿಗೆ ತುಮಕೂರು ರಸ್ತೆ ಇದೆ.

7. ಶಿರಾಡಿ

ಈ ಪುಟವನ್ನು ಬೇಕೆಂದೇ ಖಾಲಿ ಬಿಟ್ಟಿದೆ. ತುಂಬಲು ಟ್ಯಾಂಕರುಗಳಿವೆ.

8. ಕುದುರೆಮುಖ: ಚೀಟಿ ಜೋಪಾನ

ಕಳಸದಿಂದ ಕುದುರೆಮುಖ ಹಾಯ್ದು ಎಸ್.ಕೆ. (ಸೌತ್ ಕೆನರಾ) ಬಾರ್ಡರ್, ಅಲ್ಲಿಂದ ಮಾಳ ಘಾಟಿ ಇಳಿದು ಬಜಗೋಳಿ, ಕಾರ್ಕಳ. ಈ ಕೈಪಿಡಿ ಬರೆದವರನ್ನು ಕೇಳಿದರೆ ಕರ್ನಾಟಕದಲ್ಲಿ ಇದಕ್ಕಿಂತ ಚೆಂದದ ತಿರುವಿನ ರಸ್ತೆ ಇಲ್ಲ. ಒಂದು ಪಕ್ಕ ಶೋಲಾ ಕಾಡಿನ ಕತ್ತಲೆ, ಇನ್ನೊಂದು ಪಕ್ಕ ಹುಲ್ಲು ಹೊದ್ದ ಬೋಳುಗುಡ್ಡ. ರಸ್ತೆ ಎರಡರ ನಡುವೆ ಎಲ್ಲೂ ಅವಸರ ಮಾಡದೆ ಬಳುಕುತ್ತದೆ. ತಿರುವುಗಳು ಹೇರ್‌ಪಿನ್ನಿನಷ್ಟು ಮುರಿದುಕೊಂಡಿಲ್ಲ, ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗುತ್ತದೆ. ಸ್ಟಿಯರಿಂಗಿಗೆ ಕೆಲಸ, ಬ್ರೇಕಿಗೆ ವಿಶ್ರಾಂತಿ.

ಮುಖ್ಯವಾಗಿ ಲಾರಿ ಕಡಿಮೆ. ಗಣಿ ನಡೆಯುತ್ತಿದ್ದ ಕಾಲದಲ್ಲೂ ಕುದುರೆಮುಖದ ಅದಿರು ಮಂಗಳೂರಿಗೆ ಹೋಗುತ್ತಿದ್ದದ್ದು ಈ ರಸ್ತೆಯಲ್ಲಲ್ಲ. ಅದನ್ನು ಪುಡಿ ಮಾಡಿ, ನೀರಿನೊಡನೆ ಕಲಸಿ, ಕೊಳವೆಯಲ್ಲಿ ಹರಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಟೌನ್‌ಶಿಪ್ಪಿನ ಮನೆಗಳಲ್ಲಿ ಬಹಳಷ್ಟು ಪಾಚಿ ಕಟ್ಟಿ ನಿಂತಿವೆ. ಅಲ್ಲಿ ನಿಧಾನ ಮಾಡಿ ನೋಡುತ್ತಾ ಹೋಗಿ.

ಇದು 1987ರಿಂದ ರಾಷ್ಟ್ರೀಯ ಉದ್ಯಾನ. ತನಿಖಾ ಠಾಣೆಯಲ್ಲಿ ಒಳಹೊಕ್ಕ ಹೊತ್ತು ಬರೆದು ಚೀಟಿ ಕೊಡುತ್ತಾರೆ. ನಡುವೆ ನಿಲ್ಲಿಸುವಂತಿಲ್ಲ, ತಿಂಡಿ ಬಿಚ್ಚುವಂತಿಲ್ಲ. ಈ ಚೀಟಿ ಸ್ಪೋರ್ಟ್ಸ್ ಕಾರಿಗೆ ಎರಡು ಅಲಗಿನ ಕತ್ತಿ: ತಡವಾಗಿ ಹೊರಬಿದ್ದರೆ ಎಲ್ಲಿ ನಿಲ್ಲಿಸಿದ್ದಿರಿ ಎಂಬ ಪ್ರಶ್ನೆ, ಬೇಗ ಹೊರಬಿದ್ದರೆ ಹೇಗೆ ಬಂದಿರಿ ಎಂಬ ಪ್ರಶ್ನೆ. ಕಾಡಿನವರ ಗಡಿಯಾರಕ್ಕೆ ಸರಿಹೊಂದುವ ವೇಗವೇ ಈ ರಸ್ತೆಯ ಸರಿಯಾದ ವೇಗ. ಸೈಲೆನ್ಸರಿನ ಕವಾಟ ತೆರೆಯುವ ಗುಂಡಿಯನ್ನು ಈ ಅಧ್ಯಾಯದಲ್ಲಿ ಮುಟ್ಟಬಾರದು. ಸಿಂಗಳೀಕಗಳು ಈ ಕಾಡಲ್ಲಿವೆ, ಅವು ನಿಮ್ಮ ಎಂಜಿನ್ನಿನ ನಾದ ಕೇಳಲು ಟಿಕೆಟ್ ತೆಗೆದುಕೊಂಡಿಲ್ಲ.

9. ಉಳಿದ ಮಾದರಿಗಳು, ಸಂಕ್ಷೇಪವಾಗಿ

ಹುಲಿಕಲ್ ಘಾಟಿ, ಊರವರ ಬಾಯಲ್ಲಿ ಬಾಳೆಬರೆ: ಹೊಸನಗರದ ಕಡೆಯಿಂದ ಹೊಸಂಗಡಿಗೆ ಇಳಿಯುತ್ತದೆ. ಮಳೆಯಲ್ಲಿ ಆಗುಂಬೆಗೇ ಪೈಪೋಟಿ. ಮೇಲೆ ಚಂಡಿಕಾಂಬೆಯ ಗುಡಿ ಇದೆ, ಡ್ರೈವರುಗಳು ಕಾಸು ಹಾಕದೆ ಇಳಿಯುವುದಿಲ್ಲ. ಚಿಲ್ಲರೆ ಇಟ್ಟುಕೊಳ್ಳಿ, ಮೊದಲ ತಿರುವು ಕಂಡ ಮೇಲೆ ಹುಡುಕುವುದು ಕಷ್ಟ.

ಬಿಸಿಲೆ: ಸಕಲೇಶಪುರ ಕಡೆಯಿಂದ ಕುಲ್ಕುಂದಕ್ಕೆ, ಅಲ್ಲಿಂದ ಸುಬ್ರಹ್ಮಣ್ಯಕ್ಕೆ. ನೋಟದ ಕಟ್ಟೆಯಲ್ಲಿ ನಿಂತರೆ ಎದುರಿಗೆ ಕುಮಾರ ಪರ್ವತ. ರಸ್ತೆ ಕಿರಿದು, ಎದುರು ಜೀಪು ಬಂದರೆ ಯಾರಾದರೂ ಒಬ್ಬರು ಮಣ್ಣಿಗೆ ಇಳಿಯಬೇಕು. ಇಳಿಯಲಾರದವರು ನೀವು, ಆದ್ದರಿಂದ ಜೀಪಿನವರಿಗೆ ಮೊದಲೇ ಒಂದು ನಮಸ್ಕಾರ ಹಾಕಿ.

ದೇವಿಮನೆ: ಶಿರಸಿಯಿಂದ ಕುಮಟೆಗೆ, ಹತ್ತಿಯ ಗಾಡಿಗಳ ಹಳೆಯ ದಾರಿ. ಅಗಲೀಕರಣದ ಹೊಡೆತ ತಿಂದಿದೆ. ಮರದ ನೆರಳಿನಲ್ಲಿ ತಿರುಗುತ್ತಿದ್ದ ಕಾಲ ಕಂಡವರು ಈಗ ಅಲ್ಲಿ ಕಾರು ನಿಲ್ಲಿಸುವುದಿಲ್ಲ.

ಮುಳ್ಳಯ್ಯನಗಿರಿ: ರಾಜ್ಯದ ಅತಿ ಎತ್ತರದ ಶಿಖರಕ್ಕೆ ಹತ್ತುವ ಸಪೂರ ರಸ್ತೆ. ವಾರಾಂತ್ಯದಲ್ಲಿ ನಂದಿಯ ಅಧ್ಯಾಯವನ್ನೇ ಮತ್ತೆ ಓದಿಕೊಳ್ಳಿ.

10. ಸಂಕೇತ ಭಾಷೆ

ನಿಮ್ಮ ಕಾರಿನ ಹಾರ್ನ್ ಯುರೋಪಿನ ಸಭ್ಯರಿಗಾಗಿ ಮಾಡಿದ್ದು, ಘಟ್ಟದಲ್ಲಿ ಅದು ಕೆಮ್ಮಿದಷ್ಟೇ ಕೇಳಿಸುತ್ತದೆ. ಕುರುಡು ತಿರುವಿಗೆ ಮುಂಚೆ ಒಂದು ಉದ್ದ ಹಾರ್ನ್, ಉತ್ತರ ಬಂದರೆ ನಿಲ್ಲಿ. ರಾತ್ರಿ ಇನ್ನೂ ಸುಲಭ: ಎದುರಿನ ಗಾಡಿಗಿಂತ ಮೊದಲು ಅದರ ಬೆಳಕು ಬೆಟ್ಟದ ಮೈಗೆ ಬಡಿಯುತ್ತದೆ.

ಮುಂದಿನ ಲಾರಿ ಬಲಗಡೆಯ ಇಂಡಿಕೇಟರ್ ಹಾಕಿತು ಎನ್ನಿ. 'ಮುಂದೆ ಹೋಗಿ, ದಾರಿ ಖಾಲಿ ಇದೆ' ಎಂದಿರಬಹುದು. 'ನಾನೇ ಬಲಕ್ಕೆ ಬರುತ್ತೇನೆ' ಎಂದಿರಬಹುದು. 'ಎದುರು ಗಾಡಿ ಇದೆ, ಬರಬೇಡ' ಎಂದಿರಬಹುದು. ಹಿಂದಿನ ಊರಲ್ಲಿ ಹಾಕಿದ್ದನ್ನು ತೆಗೆಯಲು ಮರೆತಿರಲೂಬಹುದು. ಕ್ಲೀನರ್ ಹುಡುಗ ಕಿಟಕಿಯಿಂದ ಕೈ ಹೊರಹಾಕಿ ಬೀಸಿದಾಗ ಮಾತ್ರ ನಂಬಿ.

ಓವರ್‌ಟೇಕ್ ಮಾಡಲು ತಮ್ಮ ಕಾರಿಗೆ ಬೇಕಾದ್ದು ಎರಡು ಸೆಕೆಂಡು, ಅದು ನಿಜ. ಆ ಎರಡು ಸೆಕೆಂಡಿನ ಆಚೆ ತಿರುವಿನ ಮರೆಯಲ್ಲಿ ಏನಿದೆ ಎಂದು ಹೇಳುವ ಯಂತ್ರವನ್ನು ಇನ್ನೂ ಯಾರೂ ಮಾರುತ್ತಿಲ್ಲ. ವೇಗದ ತೆವಲು ತಡೆಯಲಾಗದಿದ್ದರೆ ಅದಕ್ಕೆ ಬೇರೆ ಜಾಗವಿದೆ. ಕರ್ನಾಟಕ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್ಯಾಲಿ ಇದೆ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ರ್ಯಾಲಿಯೂ ಇದೆ. ಅಲ್ಲಿ ರಸ್ತೆ ಮುಚ್ಚಿರುತ್ತಾರೆ, ತಲೆಗೆ ಹೆಲ್ಮೆಟ್ಟು, ಸುತ್ತ ಕಬ್ಬಿಣದ ಪಂಜರ, ಮುಂದಿನ ತಿರುವು ಎಷ್ಟು ಕಠಿಣ ಎಂದು ಓದಿ ಹೇಳಲು ಪಕ್ಕದಲ್ಲಿ ಒಬ್ಬ ನ್ಯಾವಿಗೇಟರ್.

11. ಪಕ್ಕದ ಸೀಟು

ತಾವು ಕೂರಿಸಿಕೊಂಡು ಬಂದ ನ್ಯಾವಿಗೇಟರ್ ತಮ್ಮ ತಾಯಿಯವರಾಗಿದ್ದರೆ ಅವರ ಮಾತು ಹೀಗಿರುತ್ತದೆ: "ಅಲ್ವೋ ಮಗಾ, ಇಷ್ಟು ದುಡ್ಡು ಕೊಟ್ಟು ನೆಲದ ಮೇಲೆ ಕೂತ್ಕೊಂಡು ಹೋಗೋದಾ?" ಇಳಿಯುವಾಗ ಮಂಡಿ ನೋವಿನವರಿಗೆ ಎರಡು ಕೈ ಕೊಟ್ಟು ಎತ್ತಬೇಕು. ಬಾಗಿಲು ಮೇಲಕ್ಕೆ ತೆರೆಯುವ ಮಾದರಿಯಾದರೆ ತಲೆ ಜೋಪಾನ.

ಸಾಮಾನಿನ ಜಾಗದ ಬಗ್ಗೆ: ಘಟ್ಟದ ಕೆಳಗೆ ನೆಂಟರಿದ್ದರೆ ಬರಿಗೈಲಿ ಕಳಿಸುವುದಿಲ್ಲ. ಒಂದು ಬಾಳೆಗೊನೆ, ಹತ್ತು ತೆಂಗಿನಕಾಯಿ, ಪುನರ್ಪುಳಿ ಸಿಪ್ಪೆ, ಮೇ ತಿಂಗಳಾದರೆ ಹಲಸು. ಎಂಜಿನ್ ಹಿಂದಿರುವ ಕಾರುಗಳಲ್ಲಿ ಮುಂದಿನ ಬಾನೆಟ್ಟಿನಡಿ ಒಂದು ಡಿಕ್ಕಿ ಇರುತ್ತದೆ; ಒಂದು ಹಲಸು ಹಿಡಿದರೆ ಹೆಚ್ಚು. ಹಣ್ಣು ಕಳಿತದ್ದಾದರೆ ಬೆಂಗಳೂರಿನವರೆಗೆ ಪರಿಮಳ, ಆಮೇಲೆ ಸರ್ವಿಸ್ ಸೆಂಟರಿನಲ್ಲೂ ಪರಿಮಳ.

12. ದೋಷ ನಿವಾರಣೆ

ಬ್ರೇಕ್ ಪೆಡಲು ಮೆತ್ತಗಾಗಿದೆ, ಸುಟ್ಟ ವಾಸನೆ: ಇಳಿಜಾರಿನ ಉದ್ದಕ್ಕೂ ಕಾಲಿಟ್ಟೇ ಬಂದಿದ್ದೀರಿ. ಬ್ರೇಕಿನ ದ್ರವ ಗಾಳಿಯ ತೇವ ಹೀರಿಕೊಳ್ಳುತ್ತದೆ, ಹೀರಿದಷ್ಟೂ ಬೇಗ ಕುದಿಯುತ್ತದೆ, ಕುದಿದರೆ ಗುಳ್ಳೆ, ಗುಳ್ಳೆಯನ್ನು ಒತ್ತಿದರೆ ಚಕ್ರ ನಿಲ್ಲುವುದಿಲ್ಲ. ಅಗಲವಿರುವ ಕಡೆ ನಿಲ್ಲಿಸಿ, ಆರಲಿ, ನೀರು ಹೊಯ್ಯಬೇಡಿ. ಹತ್ತುವುದಕ್ಕೆ ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಬೇಕು ಎನ್ನುವುದು ಲಾರಿಯವರ ಪಾಠ. ಆಟೋಮ್ಯಾಟಿಕ್ ಆದರೆ ಸ್ಟಿಯರಿಂಗಿನ ಹಿಂದಿನ ಎಡಗಡೆ ರೆಕ್ಕೆ ಎಳೆದು ಗೇರು ಇಳಿಸಿ.

ಪಂಕ್ಚರ್ ಆಗಿದೆ, ಸ್ಟೆಪ್ನಿ ಕಾಣುತ್ತಿಲ್ಲ: ಇಲ್ಲ, ಆದ್ದರಿಂದ ಕಾಣುತ್ತಿಲ್ಲ. ಹೆಚ್ಚಿನ ಕಾರುಗಳಲ್ಲಿ ಅದರ ಬದಲು ಒಂದು ಡಬ್ಬಿ ಅಂಟು ಇರುತ್ತದೆ. ಟೈರಿನ ಪಕ್ಕೆ ಹರಿದಿದ್ದರೆ ಅಂಟಿಗೂ ಆಗದು.

ತುರ್ತು ಸಹಾಯದ ಗುಂಡಿ ಒತ್ತಿದರೆ ಸದ್ದಿಲ್ಲ: ಘಟ್ಟದಲ್ಲಿ ಬಹಳ ಕಡೆ ನೆಟ್‌ವರ್ಕ್ ಇಲ್ಲ. ಮುಂದೆ ಬರುವ ಬಸ್ಸಿಗೆ ಕೈ ತೋರಿಸಿ, ಕೆಳಗಿನ ಊರಲ್ಲಿ ವಿಷಯ ಮುಟ್ಟಿಸುತ್ತಾರೆ. ನೀವು ಹಿಂದಕ್ಕೆ ತಗೊಂಡು ಜಾಗ ಬಿಟ್ಟಿದ್ದ ಬಸ್ಸೇ ಬಂದರೆ ಇನ್ನೂ ಒಳ್ಳೆಯದು.

ಉಂಬಳ: ಸುಣ್ಣ ಅಥವಾ ಉಪ್ಪು. ಸೀಟಿಗಲ್ಲ, ಉಂಬಳಕ್ಕೆ.

13. ವಾರಂಟಿ ಮತ್ತು ಶಿಫಾರಸು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೈಪಿಡಿ ಅಮಾನತ್ತಿನಲ್ಲಿರುತ್ತದೆ. ನವೆಂಬರಿನ ಯಾವುದಾದರೂ ಬುಧವಾರ ಬೆಳಿಗ್ಗೆ ಕಳಸದಿಂದ ಹೊರಡಿ, ಮೂರನೇ ಗೇರಿನಲ್ಲೇ ಇರಿ, ಕಾರ್ಕಳದಲ್ಲಿ ಊಟ ಮಾಡಿ. ಕಾರು ಕೊಂಡದ್ದಕ್ಕೆ ಇಷ್ಟಾದರೂ ಆಗಬೇಕು.

ಕಣಿವೆ, ಕಾಡು, ಸಮುದ್ರದ ಗೆರೆ ಎಲ್ಲವನ್ನೂ ಕಣ್ಣು ತುಂಬ ನೋಡಲೇಬೇಕು ಎನ್ನುವವರಿಗೆ ಮಾತ್ರ ಈ ಉತ್ಪನ್ನ ತಕ್ಕದ್ದಲ್ಲ. ಅಂಥವರು ಕಾರನ್ನು ತೀರ್ಥಹಳ್ಳಿಯಲ್ಲಿ ನೆರಳು ನೋಡಿ ನಿಲ್ಲಿಸಿ, ಬಸ್ ಸ್ಟ್ಯಾಂಡಿಗೆ ನಡೆದು ಹೋಗಿ. ಆಗುಂಬೆ ಮೇಲೆ ಉಡುಪಿಗೆ ಹೋಗುವ ಮಿನಿ ಬಸ್ಸು ಇದೆ. ಸ್ವಲ್ಪ ಮುಂಚೆ ಹೋದರೆ ಕಿಟಕಿ ಪಕ್ಕದ ಸೀಟು ಸಿಗುತ್ತದೆ.